ಚಿಕಿತ್ಸಕರೂ ಶಿಲ್ಪಿಗಳೂ: ಒಂದು ಮರೆತ ಮೈತ್ರಿಯ ಚರಿತ್ರೆ

ಕಾಲಿಲ್ಲದವನಿಗೆ ಅಡ್ಡಿಯಾಗಿರುವುದು ಅವನ ದೇಹವೋ, ನಾವು ಕಟ್ಟಿದ ಮೆಟ್ಟಿಲೋ? ಈ ಪ್ರಶ್ನೆಯನ್ನು ಗಂಭೀರವಾಗಿ ಕೈಗೆತ್ತಿಕೊಂಡವರಲ್ಲಿ ವೈದ್ಯರಿಗಿಂತ ಭಿನ್ನವಾದ ಒಂದು ವರ್ಗವಿದೆ. ಆಕ್ಯುಪೇಷನಲ್ ಥೆರಪಿ ಎಂದು ವೈದ್ಯಲೋಕ ಕರೆಯುವ ಚಿಕಿತ್ಸೆಯ ಪರಿಣತರು ಅವರು. ನಾವು ಅದನ್ನು ಕಾಯಕ ಚಿಕಿತ್ಸೆ ಎನ್ನೋಣ. ಉಣ್ಣುವುದು, ಉಡುವುದು, ಸ್ನಾನ ಮಾಡುವುದು, ಬರೆಯುವುದು ಮೊದಲಾದ ನಿತ್ಯಕರ್ಮಗಳನ್ನು ವ್ಯಕ್ತಿಯು ಮತ್ತೆ ತಾನೇ ಮಾಡಿಕೊಳ್ಳುವಂತೆ ಅಣಿಗೊಳಿಸುವುದೇ ಅವರ ವೃತ್ತಿ.

ಈ ಶಾಸ್ತ್ರದ ಹುಟ್ಟಿನಲ್ಲಿಯೇ ಶಿಲ್ಪಿಯ ಕೈವಾಡವಿತ್ತೆಂಬುದು ಗಮನಾರ್ಹ. 1917ರ ಮಾರ್ಚಿಯಲ್ಲಿ ಅಮೆರಿಕದ ಕ್ಲಿಫ್ಟನ್ ಸ್ಪ್ರಿಂಗ್ಸ್ ಎಂಬ ಊರಿನಲ್ಲಿ ಕೆಲವೇ ಮಂದಿ ಸೇರಿ ಇದರ ಮೊದಲ ರಾಷ್ಟ್ರೀಯ ಸಂಘವನ್ನು ಸ್ಥಾಪಿಸಿದರು. ಅವರಲ್ಲಿ ಇಬ್ಬರು ವಾಸ್ತುಶಿಲ್ಪ ಬಲ್ಲವರು. ಜಾರ್ಜ್ ಬಾರ್ಟನ್ ಕ್ಷಯದಿಂದ ಜರ್ಝರಿತನಾಗಿ, ಎಡಭಾಗದ ಸ್ವಾಧೀನವನ್ನು ಕಳೆದುಕೊಂಡು, ಕೈಕೆಲಸದಿಂದಲೇ ಚೇತರಿಸಿಕೊಂಡವನು. ಥಾಮಸ್ ಕಿಡ್ನರ್ ಕೆನಡಾದಲ್ಲಿ ಗಾಯಾಳು ಸೈನಿಕರ ಪುನರ್ವಸತಿಗೆ ದುಡಿದವನು. ಕಟ್ಟಡ ಬಲ್ಲವರೂ ರೋಗಿಯ ಕಷ್ಟ ಬಲ್ಲವರೂ ಅಂದು ಒಂದೇ ಮೇಜಿನ ಸುತ್ತ ಕುಳಿತಿದ್ದರು.

ಭಾರತಕ್ಕೆ ಈ ವಿದ್ಯೆಯನ್ನು ತಂದವರು ಕಮಲಾ ನಿಂಬಕರ್. ಅಮೆರಿಕದಲ್ಲಿ ಎಲಿಜಬೆತ್ ಲಂಡಿಯಾಗಿ ಹುಟ್ಟಿ, ಈ ನಾಡಿನ ಸೊಸೆಯಾಗಿ ಬಂದ ಆಕೆ 1950ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದೇಶದ ಮೊದಲ ತರಬೇತಿ ಶಾಲೆಯನ್ನು ತೆರೆದರು. ಇತ್ತ ವಿನ್ಯಾಸ ವಿದ್ಯೆಯ ಪ್ರವೇಶಕ್ಕೂ ಒಂದು ಸ್ವಾರಸ್ಯದ ಹಿನ್ನೆಲೆಯಿದೆ. ಎರಡನೆಯ ಮಹಾಯುದ್ಧದ ಗಾಯಾಳುಗಳಿಗಾಗಿ ಪ್ಲೈವುಡ್ಡನ್ನು ಬಾಗಿಸಿ ಕಾಲುಪಟ್ಟಿಯನ್ನು ರೂಪಿಸಿದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಗಳೇ 1958ರಲ್ಲಿ ನಮ್ಮ ಸರಕಾರಕ್ಕೆ ವರದಿಯೊಂದನ್ನು ಸಲ್ಲಿಸಿದರು. ಅದರಲ್ಲಿ ಅವರು ಕೊಂಡಾಡಿದ್ದು ನಮ್ಮ ಮನೆಮನೆಯ ತಂಬಿಗೆಯನ್ನು. ಆ ವರದಿಯ ಫಲವಾಗಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಸ್ಥಾಪಿತವಾಯಿತು.

ಆದರೆ ಈ ಎರಡು ವಿದ್ಯೆಗಳ ನಿಜವಾದ ಸಂಗಮವನ್ನು ತೋರಿಸಿಕೊಟ್ಟದ್ದು ಜೈಪುರದ ಆಸ್ಪತ್ರೆ. ಅಲ್ಲಿ ರೋಗಿಗಳಿಗೆ ಕೈಕಸುಬು ಕಲಿಸುತ್ತಿದ್ದವರು ರಾಮಚಂದ್ರ ಶರ್ಮ. ಶಾಲಾ ವಿದ್ಯೆ ಅಲ್ಪ, ಕೈಚಳಕ ಅಪಾರ. ವಿದೇಶೀ ಮಾದರಿಯ ಕೃತಕ ಕಾಲಿಗೆ ಬೂಟು ಬೇಕು. ಅದನ್ನು ತೊಟ್ಟು ಕುಕ್ಕರಗಾಲಿನಲ್ಲಿ ಕುಳಿತುಕೊಳ್ಳುವಂತಿಲ್ಲ, ಕೆಸರು ಗದ್ದೆಗೆ ಇಳಿಯುವಂತಿಲ್ಲ. ಮೂಳೆತಜ್ಞ ಡಾ. ಪ್ರಮೋದ್ ಕರಣ್ ಸೇಠಿಯವರ ಜೊತೆ ಸೇರಿ ಶರ್ಮರು ರಬ್ಬರ್ ಮತ್ತು ಮರದಿಂದ 1968ರ ಹೊತ್ತಿಗೆ ರೂಪಿಸಿದ ಪಾದವೇ ಲೋಕವಿಖ್ಯಾತ ‘ಜೈಪುರ ಕಾಲು’. 1981ರಲ್ಲಿ ಸೇಠಿಯವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಸಂದಿತು. ಶಿಲ್ಪಿಯ ಹೆಸರು ಅಷ್ಟಾಗಿ ಪ್ರಚಾರಕ್ಕೆ ಬರಲಿಲ್ಲ. ಶಾಸ್ತ್ರವನ್ನು ಗೌರವಿಸಿ ಕಸುಬನ್ನು ಮರೆಯುವುದು ನಮ್ಮ ಹಳೆಯ ರೂಢಿ.

ಕನ್ನಡ ನಾಡಿನಲ್ಲಿಯೂ ಈ ಪರಂಪರೆ ಬೆಳೆದಿದೆ. ಸ್ವತಃ ಪೋಲಿಯೋ ಪೀಡಿತೆಯಾಗಿದ್ದ ಎನ್. ಎಸ್. ಹೇಮಾ ಅವರು ಬೆಂಗಳೂರಿನಲ್ಲಿ 1959ರಲ್ಲಿ ಆರಂಭಿಸಿದ ಅಂಗವಿಕಲರ ಸಂಸ್ಥೆ, 1994ರಲ್ಲಿ ಹುಟ್ಟಿದ ಮೊಬಿಲಿಟಿ ಇಂಡಿಯಾ ಇವು ಅದಕ್ಕೆ ನಿದರ್ಶನಗಳು.

ಇನ್ನು ನಮ್ಮ ಗಡಿನಾಡಿನ ಮಾತು. ಗೇರುತೋಟಗಳ ಮೇಲೆ ಎಪ್ಪತ್ತರ ದಶಕದ ಕೊನೆಯಿಂದ 2000ದ ವರೆಗೆ ವಿಮಾನದಿಂದ ಸುರಿದ ಎಂಡೋಸಲ್ಫಾನ್ ವಿಷದ ಕಥೆಯನ್ನು ಎಣ್ಮಕಜೆಯಂತಹ ಗ್ರಾಮಗಳು ಮರೆಯಲಾರವು. ಪತ್ರಕರ್ತ ಶ್ರೀ ಪಡ್ರೆ, ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್ ಮೊದಲಾದವರು ಅದನ್ನು ಲೋಕದ ಗಮನಕ್ಕೆ ತಂದರು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ವಿಷಕ್ಕೆ ತಡೆ ವಿಧಿಸಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ನೀಡಬೇಕೆಂದು ರಾಜ್ಯ ಸರಕಾರಕ್ಕೆ ಆದೇಶಿಸಿತು.

ಪರಿಹಾರದ ಹಣ ಅಗತ್ಯವೇ. ಆದರೆ ಹಣವು ಹೊಸ್ತಿಲನ್ನು ತಗ್ಗಿಸಲಾರದು. ಅಂದು ಹಾಸಿಗೆ ಹಿಡಿದ ಶಿಶುಗಳು ಇಂದು ಪ್ರಾಪ್ತ ವಯಸ್ಕರು. ಎತ್ತಿಕೊಂಡು ಬಚ್ಚಲಿಗೆ ಒಯ್ಯುತ್ತಿದ್ದ ತಾಯಂದಿರಿಗೆ ಮುಪ್ಪು ಬಂದಿದೆ. ಆ ತಾಯಿಯ ಬೆನ್ನು ಸೋತ ದಿನ ಮಗನ ಸ್ನಾನವೂ ನಿಲ್ಲುತ್ತದೆ. ಇಲ್ಲಿ ಬೇಕಾಗಿರುವುದು ಆ ಮನೆಯೊಳಗೆ ಒಂದು ಹಗಲು ಕುಳಿತು ಯಾರು, ಯಾರನ್ನು, ಎಲ್ಲಿಂದ ಎಲ್ಲಿಗೆ ಎತ್ತುತ್ತಾರೆಂದು ನೋಡುವ ಚಿಕಿತ್ಸಕ. ನೋಡಿದ್ದನ್ನು ಮರದಲ್ಲಿ, ಕಬ್ಬಿಣದಲ್ಲಿ, ಸಿಮೆಂಟಿನಲ್ಲಿ ಮೂಡಿಸುವ ಬಡಗಿ, ಕಮ್ಮಾರ, ಮೇಸ್ತ್ರಿ.

ಇಳಿಜಾರಿನ ಲೆಕ್ಕ ಸರಳವಾದುದು: ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಒಂದೂವರೆ ಅಡಿಯ ಜಗಲಿಗೆ ಹದಿನೆಂಟು ಅಡಿ. ಇದಕ್ಕಿಂತ ಕಡಿದಾದ ದಾರಿಯಲ್ಲಿ ಗಾಲಿಕುರ್ಚಿಯನ್ನು ತಾನೇ ತಳ್ಳಿಕೊಂಡು ಏರುವುದು ದುಸ್ತರ. ಬಾಗಿಲಿನ ಅಗಲ 90 ಸೆಂಟಿಮೀಟರ್ ಇದ್ದರೆ ಕುರ್ಚಿ ಸಲೀಸಾಗಿ ಒಳಹೋಗುತ್ತದೆ. ಲೆಕ್ಕ ತಿಳಿಯದೆ ಕಟ್ಟಿದ ಇಳಿಜಾರು ಕಟ್ಟಡಕ್ಕೆ ಅಲಂಕಾರವಾದೀತೇ ಹೊರತು ಬಳಸುವವನಿಗೆ ದಾರಿಯಾಗದು.

2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಸಾರ್ವಜನಿಕ ಕಟ್ಟಡಗಳು ಎಲ್ಲರಿಗೂ ತೆರೆದಿರಬೇಕೆಂದು ವಿಧಿಸಿದೆ. ಕಾಯಿದೆಯ ಮಾತಿಗೆ ಕಾಯದೆ ನಾವು ಮಾಡಬಹುದಾದ ಕೆಲಸವೂ ಇದೆ. ಸಾಹಿತ್ಯ ಸಂಘಗಳು ಸಭಾಭವನ ಕಟ್ಟುವಾಗ ವೇದಿಕೆಗೆ ಮೆಟ್ಟಿಲು ಇಡುತ್ತವೆ. ಸನ್ಮಾನಿತನು ಗಾಲಿಕುರ್ಚಿಯಲ್ಲಿ ಬಂದಾನೆಂದು ಯಾರೂ ಎಣಿಸುವುದಿಲ್ಲ. ಮುಂದಿನ ಭವನದ ನಕ್ಷೆಯನ್ನು ಅಂತಿಮಗೊಳಿಸುವ ಮೊದಲು ಎಂಜಿನಿಯರರ ಪಕ್ಕದಲ್ಲಿ ಒಬ್ಬ ಚಿಕಿತ್ಸಕರನ್ನೂ, ಗಾಲಿಕುರ್ಚಿ ಬಳಸುವ ಒಬ್ಬರನ್ನೂ ಕೂರಿಸಿಕೊಳ್ಳೋಣ. 1917ರಲ್ಲಿ ಹಾಕಿದ ಆ ಮೇಜಿಗೆ ನಮ್ಮ ಉಪ್ಪಳದಲ್ಲಿಯೂ ಜಾಗವಿದೆ.