ಡೂಪ್ಲಿಕೇಟ್ ಕ್ಯಾಸೆಟ್‌ನ ಒರಿಜಿನಲ್ ಇತಿಹಾಸ

ಇವತ್ತು ರಾಜಕೀಯ ಬೇಡ. ಇವತ್ತು ನನ್ನ ಮನೆಯ ಒಂದು ಬೀರುವಿನ ಬಗ್ಗೆ ಮಾತಾಡ್ತೀನಿ.

ಬೆಂಗಳೂರಿನ ನನ್ನ ಮನೆಗೆ ಬಂದವರೆಲ್ಲ ಕೇಳೋ ಪ್ರಶ್ನೆ ಒಂದೇ. "ಏನ್ ಸಾರ್, ನ್ಯೂಸ್ ಚಾನೆಲ್‌ನಲ್ಲಿ ಕೆಲಸ ಮಾಡ್ತೀರಿ, ಈ ಡಬ್ಬಾ ಟಿವಿ ಇನ್ನೂ ಯಾಕೆ ಇಟ್ಕೊಂಡಿದ್ದೀರಿ?" ಹಾಲ್‌ನಲ್ಲಿ ಗೋಡೆಗೆ ಅಂಟಿಕೊಂಡ ದೊಡ್ಡ ಟಿವಿ ಇದೆ. ಒಳಗಿನ ಕೋಣೆಯಲ್ಲಿ ಮಾತ್ರ 21 ಇಂಚಿನ, ಹಿಂದೆ ಗೂನು ಬೆನ್ನಿರುವ ಹಳೇ ಪಿಕ್ಚರ್ ಟ್ಯೂಬ್ ಟಿವಿ. ಅದರ ಪಕ್ಕದ ಬೀರುವಿನ ತುಂಬ ಹಳದಿ, ಕಪ್ಪು, ಬೂದು ಬಣ್ಣದ ಪ್ಲಾಸ್ಟಿಕ್ ಕ್ಯಾಸೆಟ್‌ಗಳು. ಮಾರಿಯೋ, ಕಾಂಟ್ರಾ, ಡಕ್ ಹಂಟ್. 'ಒಂದರಲ್ಲಿ 9999 ಗೇಮ್' ಅಂತ ಸುಳ್ಳು ಹೇಳುವ ಕ್ಯಾಸೆಟ್‌ಗಳೂ ಇವೆ. ಎಲ್ಲ ಸೇರಿಸಿ ಗುಜರಿಗೆ ಹಾಕಿದರೆ ಒಂದು ಮಸಾಲೆ ದೋಸೆಗೂ ದುಡ್ಡು ಸಾಕಾಗಲ್ಲ.

ಆದರೆ ನನ್ನ ಪ್ರಕಾರ ಅದು ಕೊಡಗಿನ ಇತಿಹಾಸದ ಒಂದು ಅಧ್ಯಾಯ. ಹೇಗೆ ಅಂತೀರಾ? ಬನ್ನಿ, ಸ್ವಲ್ಪ ಹಿಂದಕ್ಕೆ ಹೋಗೋಣ.

1994. ಜೂನ್ ಕೊನೆ ಮತ್ತು ಜುಲೈ ತಿಂಗಳಲ್ಲಿ ಬ್ರೆಜಿಲ್‌ನ ಕಾಫಿ ತೋಟಗಳ ಮೇಲೆ ಎರಡು ಸಲ ಹಿಮ ಬಿತ್ತು. ಅಲ್ಲಿ ಗಿಡಗಳು ಸುಟ್ಟು ಹೋದವು, ಇಲ್ಲಿ ನಮ್ಮ ಕಾಫಿಗೆ ರೇಟು ಏರಿತು. ಅದೇ ಸಮಯಕ್ಕೆ ಇನ್ನೊಂದು ಬದಲಾವಣೆಯೂ ಆಗ್ತಿತ್ತು. 1940ರ ದಶಕದಿಂದ ಬೆಳೆಗಾರ ತನ್ನ ಕಾಫಿಯನ್ನು ಕಾಫಿ ಬೋರ್ಡಿನ ಪೂಲ್‌ಗೇ ಕೊಡಬೇಕಿತ್ತು. ಹಣ ಕಂತು ಕಂತಾಗಿ ಬರೋದು. 1992ರಿಂದ ಆ ಕಟ್ಟು ಹಂತ ಹಂತವಾಗಿ ಸಡಿಲವಾಯ್ತು, 1996ರ ಹೊತ್ತಿಗೆ ಪೂರ್ತಿ ಬಿಚ್ಚಿತು. ಅಂದರೆ ಒಳ್ಳೆ ರೇಟು ಮತ್ತು ಮಾರುವ ಸ್ವಾತಂತ್ರ್ಯ ಎರಡೂ ಜೊತೆಗೇ ಬಂದವು. ಗೋಣಿಕೊಪ್ಪಲು, ವಿರಾಜಪೇಟೆ, ಸೋಮವಾರಪೇಟೆ ಎಲ್ಲಿ ನೋಡಿದರೂ ಹೊಸ ಜೀಪು, ಹೊಸ ಹೆಂಚು, ಹೊಸ ಕಲರ್ ಟಿವಿ.

ನಮ್ಮದು ದೊಡ್ಡ ತೋಟವೇನಲ್ಲ. ಆದರೂ 1995ರಲ್ಲಿ ನಮ್ಮ ಮಾವ ಕಾಫಿ ಮಾರಿದ ದುಡ್ಡಲ್ಲಿ ಬೆಂಗಳೂರಿಗೆ ಹೋದವರು ಮೆಜೆಸ್ಟಿಕ್‌ನ ನ್ಯಾಷನಲ್ ಮಾರ್ಕೆಟ್‌ನಿಂದ ಒಂದು ಡಬ್ಬ ತಂದರು. ಟಿವಿಯ ಆಂಟೆನಾ ವೈರು ಕಿತ್ತು ಅದರ ವೈರು ಸಿಕ್ಕಿಸಬೇಕು. ಚಾನೆಲ್ ತಿರುಗಿಸುತ್ತಾ ಹೋದರೆ ಒಂದು ಕಡೆ ಮಳೆ ಮಳೆಯಾಗಿ ಚಿತ್ರ ಬರೋದು. ಅಪ್ಪನ ಗೊಣಗಾಟ ಶುರು: "ಪಿಕ್ಚರ್ ಟ್ಯೂಬ್ ಹೋಗುತ್ತೆ, ಆಫ್ ಮಾಡ್ರೋ!" ಆ ತಲೆಮಾರಿನ ಪ್ರತಿಯೊಂದು ಮನೆಯಲ್ಲೂ ಈ ಡೈಲಾಗ್ ಇತ್ತು ಅನ್ನೋದಕ್ಕೆ ನಾನು ಗ್ಯಾರಂಟಿ.

ಆ ಡಬ್ಬ ಏನು ಗೊತ್ತಾ? ಜಪಾನಿನ ನಿಂಟೆಂಡೋ ಕಂಪನಿಯ ಫ್ಯಾಮಿಕಾಮ್‌ನ ನಕಲು. 1889ರಲ್ಲಿ ಕ್ಯೋಟೋ ನಗರದಲ್ಲಿ ಇಸ್ಪೀಟು ಎಲೆ ಮಾಡುವ ಕಂಪನಿಯಾಗಿ ಹುಟ್ಟಿದ ನಿಂಟೆಂಡೋ, 1983ರ ಜುಲೈ 15ರಂದು ಫ್ಯಾಮಿಕಾಮ್ ಬಿಡುಗಡೆ ಮಾಡ್ತು. 1985ರಲ್ಲಿ ಸೂಪರ್ ಮಾರಿಯೋ ಬಂದ. ಇಡೀ ಏಷ್ಯಾದಲ್ಲಿ ನಕಲುಗಳು ಹುಟ್ಟಿಕೊಂಡವು. ರಷ್ಯಾದಲ್ಲಿ ಅದರ ಹೆಸರು ಡೆಂಡಿ, ಚೀನಾದಲ್ಲಿ ಸುಬೋರ್. ನಮ್ಮಲ್ಲಿ ಮೀಡಿಯಾ ಕಂಪನಿಯ ಲಿಟಲ್ ಮಾಸ್ಟರ್‌ನಿಂದ ಹಿಡಿದು ಹೆಸರೇ ಇಲ್ಲದ ಡಬ್ಬಗಳವರೆಗೆ ಎಲ್ಲವೂ ಸಿಗ್ತಿದ್ದವು. ಮಾಸ್ಕೋದ ಹುಡುಗನೂ ಮಡಿಕೇರಿಯ ಹುಡುಗನೂ ಒಂದೇ ನಕಲು ಆಟ ಆಡ್ತಾ ಬೆಳೆದರು. ಜಾಗತೀಕರಣ ಅನ್ನೋ ಪದ ನಮ್ಮ ಪಠ್ಯಪುಸ್ತಕಕ್ಕೆ ಬರೋ ಮೊದಲೇ ಅದು ನಮ್ಮ ಟಿವಿ ಸ್ಟ್ಯಾಂಡಿಗೆ ಬಂದಿತ್ತು.

ಡಬ್ಬದ ಜೊತೆ ಒಂದು ಪ್ಲಾಸ್ಟಿಕ್ ಪಿಸ್ತೂಲು ಕೊಟ್ಟಿದ್ದರು. ಡಕ್ ಹಂಟ್ ಆಡೋಕೆ. ಬೇರೆ ಊರಲ್ಲಿ ಅದು ಆಟಿಕೆ. ಆದರೆ ಇದು ಕೊಡಗು ಸ್ವಾಮಿ! ಭತ್ತದ ನಾಟಿ ಮುಗಿಸಿ ಸೆಪ್ಟೆಂಬರ್ ಮೊದಲ ವಾರ ಕೈಲ್ ಪೊಳ್ದ್ ಬಂತೆಂದರೆ ತೋಕಿಗೆ ಹೂವಿಟ್ಟು ಪೂಜೆ ಮಾಡಿ, ಮರದ ಮೇಲೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ನಾಡು. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಕೋವಿ ಲೈಸೆನ್ಸಿನಿಂದ 1861ರಲ್ಲಿ ಬ್ರಿಟಿಷರು ಕೊಟ್ಟ ವಿನಾಯಿತಿ ಇವತ್ತಿಗೂ ಇದೆ. 2021ರಲ್ಲಿ ಹೈಕೋರ್ಟ್ ಕೂಡ ಅದನ್ನು ಎತ್ತಿ ಹಿಡಿಯಿತು.

ಅಜ್ಜ ಆ ಪ್ಲಾಸ್ಟಿಕ್ ಪಿಸ್ತೂಲನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. ಗುರಿ ಇಟ್ಟರು. ಬಾತುಕೋಳಿ ಬಿತ್ತು. ಅಜ್ಜನಿಗೆ ಖುಷಿಯಾಗಲಿಲ್ಲ, ಅನುಮಾನ ಬಂತು. "ಗುಂಡಿಲ್ಲದೆ ಹಕ್ಕಿ ಹೇಗೋ ಬಿತ್ತು?" ಯಾರಿಗೂ ಉತ್ತರ ಗೊತ್ತಿರಲಿಲ್ಲ. ಬೆಳಕಿನ ಲೆಕ್ಕ ಇರಬೇಕು ಅಂತ ನಾವು ಪಿಸ್ತೂಲನ್ನು ಬಲ್ಬಿನ ಕಡೆ ಹಿಡಿದು ಒತ್ತಿದೆವು. ಹಕ್ಕಿ ಬೀಳಲಿಲ್ಲ. ನಾಯಿ ಹಲ್ಲು ಕಿರಿಯಿತು.

ಉತ್ತರ ಸಿಕ್ಕಿದ್ದು ಎಷ್ಟೋ ವರ್ಷ ಆದ್ಮೇಲೆ. ಆ ಪಿಸ್ತೂಲಿನಿಂದ ಏನೂ ಹೊರಗೆ ಹೋಗಲ್ಲ. ಅದರ ನಳಿಗೆಯೊಳಗೆ ಒಂದು ಬೆಳಕಿನ ಕಣ್ಣಿದೆ. ಕುದುರೆ ಒತ್ತಿದ ಕ್ಷಣ ಇಡೀ ಪರದೆ ಕಪ್ಪಾಗುತ್ತೆ. ಮರುಕ್ಷಣ ಹಕ್ಕಿ ಇದ್ದ ಜಾಗದಲ್ಲಿ ಮಾತ್ರ ಒಂದು ಬಿಳಿ ಚೌಕ ಮಿಂಚುತ್ತೆ. ಮೊದಲು ಕತ್ತಲೆ, ಆಮೇಲೆ ಬೆಳಕು, ಎರಡೂ ಕಂಡರೆ ಮಾತ್ರ ಹಕ್ಕಿ ಬಿತ್ತು ಅಂತ ಲೆಕ್ಕ. ಬಲ್ಬಿನಲ್ಲಿ ಆ ಕತ್ತಲೆ ಇಲ್ಲ, ಅದಕ್ಕೇ ನಮ್ಮ ಕಳ್ಳಾಟ ನಡೆಯಲಿಲ್ಲ. ಈ ಲೆಕ್ಕ ನಡೆಯೋದು ಹಳೇ ಪಿಕ್ಚರ್ ಟ್ಯೂಬಿನ ವೇಗಕ್ಕೆ ಮಾತ್ರ. ಹೊಸ ಟಿವಿ ಚಿತ್ರವನ್ನು ಒಂದು ಚೂರು ತಡ ಮಾಡಿ ತೋರಿಸುತ್ತೆ, ಅಷ್ಟರಲ್ಲಿ ಹಕ್ಕಿ ಹಾರಿಹೋಗಿರುತ್ತೆ. ಡಬ್ಬಾ ಟಿವಿ ಯಾಕೆ ಇಟ್ಕೊಂಡಿದ್ದೀನಿ ಅನ್ನೋ ಪ್ರಶ್ನೆಗೆ ಇದೇ ಉತ್ತರ. ಅದು ಹೋದರೆ ಅಜ್ಜ ಹೊಡೆದ ಆ ಹಕ್ಕಿಯೂ ಹೋಯ್ತು.

ಇನ್ನು 1997ಕ್ಕೆ ಬನ್ನಿ. ನನ್ನ ದೃಷ್ಟಿಯಲ್ಲಿ ಬಹಳ ಮುಖ್ಯವಾದ ವರ್ಷ. ಆ ವರ್ಷ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಕೊಡವ ಕುಟುಂಬಗಳ ನಡುವಿನ ಹಾಕಿ ಹಬ್ಬ ಶುರು ಮಾಡಿದರು. ಅದೇ ವರ್ಷ ಬೆಂಗಳೂರಿನಲ್ಲಿ ರಾಜೇಶ್ ರಾವ್ ಅವರ ಧ್ರುವ ಇಂಟರಾಕ್ಟಿವ್ ಶುರುವಾಯ್ತು. ವಿಡಿಯೋ ಗೇಮ್ ತಯಾರಿಸಲು ಭಾರತದಲ್ಲಿ ಮೊದಮೊದಲು ಹುಟ್ಟಿದ ಕಂಪನಿ ಅದು. ಅದೇ ವರ್ಷ ನೋಕಿಯಾ 6110 ಫೋನಿನೊಳಗೆ ಸ್ನೇಕ್ ಅನ್ನೋ ಹಾವು ಸೇರಿಕೊಂಡಿತು. ಹಾಕಿ ಹಬ್ಬದ ಪ್ರತಿ ವರ್ಷದ ಲೆಕ್ಕ ಇದೆ: ಯಾವ ಮನೆತನ ಆತಿಥ್ಯ ವಹಿಸಿತು, ಯಾರು ಗೆದ್ದರು, ಎಲ್ಲ ದಾಖಲಾಗಿದೆ. ಅದು ಆಗಲೇಬೇಕು, ಅದರ ಬಗ್ಗೆ ಹೆಮ್ಮೆ ಇದೆ. ಆದರೆ ಮೈದಾನದಿಂದ ಮನೆಗೆ ಬಂದ ಅದೇ ಹುಡುಗರು ರಾತ್ರಿ ಏನು ಆಡ್ತಿದ್ದರು ಅನ್ನೋದನ್ನ ಯಾರೂ ಬರೆದಿಡಲಿಲ್ಲ. ಮಡಿಕೇರಿ ಕೋಟೆಯೊಳಗೆ, ಹಳೇ ಸೇಂಟ್ ಮಾರ್ಕ್ಸ್ ಚರ್ಚಿನಲ್ಲಿರುವ ಮ್ಯೂಸಿಯಂಗೆ ಹೋದರೆ ಕತ್ತಿ, ಕೋವಿ, ವೀರಗಲ್ಲು ನೋಡಬಹುದು. ಲಿಟಲ್ ಮಾಸ್ಟರ್ ಇಡೋಕೆ ಅಲ್ಲಿ ಯಾರಿಗೂ ಹೊಳೆಯಲ್ಲ.

ನಗಬೇಡಿ. 2023ರಲ್ಲಿ ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ ಒಂದು ಅಧ್ಯಯನ ಹೊರತಂದಿತು. ಅಲ್ಲಿ ಬಿಡುಗಡೆಯಾದ ಹಳೇ ಗೇಮ್‌ಗಳಲ್ಲಿ ಶೇಕಡಾ 87ರಷ್ಟು ಇವತ್ತು ಅಂಗಡಿಯಲ್ಲಿ ದುಡ್ಡು ಕೊಟ್ಟರೂ ಸಿಗಲ್ಲ. ಅದು ಒರಿಜಿನಲ್ ಮಾಲಿನ ಕಥೆ. ಹಾಗಾದ್ರೆ ನಮ್ಮ ನಕಲು ಮಾಲಿನ ಗತಿ ಏನು?

ಜಗತ್ತಿನ ಕಲೆಕ್ಟರ್‌ಗಳು ಸೀಲ್ ಒಡೆಯದ ಒರಿಜಿನಲ್ ಕ್ಯಾಸೆಟ್ ಹುಡುಕ್ತಾರೆ. ಲಕ್ಷಗಟ್ಟಲೆ ಸುರಿದು, ಗಾಜಿನ ಪೆಟ್ಟಿಗೆಯಲ್ಲಿ ಇಟ್ಟು, ಆಡೋದೇ ಇಲ್ಲ. ನನ್ನ ಕಾನೂನು ಅದಕ್ಕೆ ಉಲ್ಟಾ. ಒಂದು, ನಕಲು ಕ್ಯಾಸೆಟ್‌ಗೇ ಮೊದಲ ಸ್ಥಾನ. ಕೊಡಗಿನ ಹುಡುಗರು ಆಡಿದ್ದು ಅದನ್ನೇ, ನಮ್ಮ ಪಾಲಿಗೆ ಅದೇ ಒರಿಜಿನಲ್. ಎರಡು, ಗುಜರಿ ಅಂಗಡಿ, ಸಂತೆ, ಹಳೇ ರಿಪೇರಿ ಅಂಗಡಿ ಬಿಟ್ಟು ಬೇರೆಲ್ಲೂ ಕೊಳ್ಳಲ್ಲ. ಮೂರು, ಸ್ಟಿಕ್ಕರ್ ಮೇಲೆ ಪೆನ್ನಲ್ಲಿ ಹೆಸರು ಬರೆದಿದ್ದರೆ ಅಳಿಸಲ್ಲ. ಎಷ್ಟೋ ಕ್ಯಾಸೆಟ್ ಮೇಲೆ ಮಕ್ಕಳು ತಮ್ಮ ಹೆಸರು, ಕ್ಲಾಸು, ಸೆಕ್ಷನ್ ಬರೆದಿರ್ತಾರೆ, ಅದೇ ಅದರ ಇತಿಹಾಸ. ನಾಲ್ಕು, ವರ್ಷಕ್ಕೊಮ್ಮೆಯಾದರೂ ಪ್ರತಿಯೊಂದನ್ನೂ ಹಾಕಿ ಆಡಬೇಕು.

ಮತ್ತೆ ಒಂದು ವಿಷಯ. ಕ್ಯಾಸೆಟ್ ಹಿಡೀದಿದ್ದರೆ ಬಾಯಿಂದ ಊದ್ತಿದ್ದೆವಲ್ಲ? ಅದು ತಪ್ಪು. ಉಸಿರಿನ ತೇವದಿಂದ ಒಳಗಿನ ತಾಮ್ರದ ಪಟ್ಟಿಗಳು ಕಿಲುಬು ಹಿಡೀತವೆ. ತೆಗೆದು ಮತ್ತೆ ಹಾಕಿದಾಗ ಪಟ್ಟಿ ಸರಿಯಾಗಿ ಕೂತು ಆಟ ಬರ್ತಿತ್ತು, ನಾವು ಊದಿದ್ದಕ್ಕೆ ಬಂತು ಅಂದುಕೊಂಡೆವು. ಕೊಡಗಿನ ಮಳೆಗಾಲದಲ್ಲಂತೂ ಚಪ್ಪಲಿಗೂ ಬೂಷ್ಟು ಬರುತ್ತೆ, ಕ್ಯಾಸೆಟ್ ಬಿಡುತ್ತಾ? ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಗಾಳಿಯಾಡದ ಡಬ್ಬದಲ್ಲಿ ಮುಚ್ಚಿಡಿ. ಬಾಳಿಕೆ ಬರುತ್ತೆ.

ಈಗ ಹೇಳಲೇಬೇಕಾದ ಒಂದು ಮಾತು. ನನ್ನ ಬೀರುವಿನಲ್ಲಿ ಒಂದು ಕದ್ದ ಕ್ಯಾಸೆಟ್ ಇತ್ತು.

ಕಾಂಟ್ರಾ. ಹೈಸ್ಕೂಲಿನಲ್ಲಿ ನನ್ನ ಜೊತೆ ಓದಿದ ಗೆಳೆಯನದು. ಅವನ ಮನೆ ಮಕ್ಕಂದೂರು ಕಡೆ. ಎರಡು ದಿನಕ್ಕೆ ಅಂತ ಇಸ್ಕೊಂಡೆ, ವಾಪಸ್ ಕೊಡಲೇ ಇಲ್ಲ. ಕೇಳಿದಾಗ "ಕಳೆದುಹೋಯ್ತು ಕಣೋ" ಅಂದೆ. ಸುಳ್ಳು. ಅದರ ಹಿಂಬದಿಯಲ್ಲಿ ಅವನ ಹೆಸರು, ಮನೆ ಹೆಸರು, ಊರು ಎಲ್ಲವನ್ನೂ ಅವರಪ್ಪ ನೀಲಿ ಇಂಕಿನಲ್ಲಿ ದುಂಡಗೆ ಬರೆದಿದ್ದರು.

ಕಾಂಟ್ರಾ ಆಡಿದವರಿಗೆ ಗೊತ್ತು, ಮೂರು ಜೀವದಲ್ಲಿ ಅದನ್ನು ಮುಗಿಸೋದು ಬಹಳ ಕಷ್ಟ. ಅದಕ್ಕೊಂದು ಗುಟ್ಟಿತ್ತು. ಮೇಲೆ, ಮೇಲೆ, ಕೆಳಗೆ, ಕೆಳಗೆ, ಎಡ, ಬಲ, ಎಡ, ಬಲ, ಬಿ, ಎ ಒತ್ತಿದರೆ 30 ಜೀವ. ಈ ಗುಟ್ಟನ್ನು ಮೊದಲು ಮಾಡಿದ್ದು ಕೊನಾಮಿ ಕಂಪನಿಯ ಕಝುಹಿಸಾ ಹಶಿಮೊಟೊ. 1986ರಲ್ಲಿ ಗ್ರೇಡಿಯಸ್ ಅನ್ನೋ ಆಟ ತಯಾರಿಸುವಾಗ, ಪರೀಕ್ಷೆಗೆ ಆಡೋಕೆ ತನಗೇ ಕಷ್ಟವಾಯ್ತು ಅಂತ ಸೇರಿಸಿದ್ದರು. 2020ರಲ್ಲಿ ತೀರಿಕೊಂಡರು. ನಮ್ಮ ನಕಲು ಕ್ಯಾಸೆಟ್‌ಗಳಲ್ಲಿ ಕೆಲವದರಲ್ಲಿ 30 ಜೀವವನ್ನು ಮೆನುವಿನಲ್ಲೇ ಇಟ್ಟುಬಿಟ್ಟಿದ್ದರು, ಗುಟ್ಟಿನ ತಾಪತ್ರಯವೇ ಇಲ್ಲ.

2018ರ ಆಗಸ್ಟ್. ಕೊಡಗಿನ ಬೆಟ್ಟಗಳು ಕುಸಿದವು. ಮಕ್ಕಂದೂರು, ಹಟ್ಟಿಹೊಳೆ, ಮಾದಾಪುರ, ಜೋಡುಪಾಲ... ಆ ಹೆಸರುಗಳನ್ನು ಸ್ಟುಡಿಯೋದಲ್ಲಿ ಕೂತು ದಿನವಿಡೀ ಓದಿದವನು ನಾನು. ಓದ್ತಾ ಓದ್ತಾ ಒಂದು ಕಡೆ ಗಂಟಲು ಕಟ್ಟಿತು. ಬ್ರೇಕ್ ತಗೊಂಡು ಗೆಳೆಯನಿಗೆ ಫೋನ್ ಮಾಡಿದೆ. ಸಿಗಲಿಲ್ಲ. ಎರಡು ದಿನ ಆದ್ಮೇಲೆ ಅವನೇ ಮಾಡಿದ. ಎಲ್ಲರೂ ಬದುಕಿದ್ದಾರೆ, ಮಡಿಕೇರಿಯ ಪರಿಹಾರ ಕೇಂದ್ರದಲ್ಲಿದ್ದಾರೆ. ಮನೆ, ಕೊಟ್ಟಿಗೆ, ಕಾಫಿ ಕಣ ಎಲ್ಲ ಮಣ್ಣಿನಡಿ. "ಫೋಟೋ ಆಲ್ಬಮ್ಮೂ ಹೋಯ್ತು ಕಣೋ. ಅಪ್ಪನದು ಒಂದು ಸಹಿ ಕೂಡ ಉಳೀಲಿಲ್ಲ," ಅಂದ. ಅವರಪ್ಪ ತೀರಿಕೊಂಡು ಆಗಲೇ ಐದು ವರ್ಷ ಆಗಿತ್ತು.

ನಾನು ಬೀರು ತೆಗೆದು ನೋಡಿದೆ. ನೀಲಿ ಇಂಕು ಹಾಗೇ ಇತ್ತು.

ರಸ್ತೆ ಸರಿಹೋದ ಮೇಲೆ ಹೋಗಿ ಅವನ ಕೈಗೆ ಕೊಟ್ಟೆ. ಕದ್ದಿದ್ದೆ ಅಂತ ಒಪ್ಪಿಕೊಂಡೆ. ಬೈತಾನೆ ಅಂದುಕೊಂಡಿದ್ದೆ. ಕ್ಯಾಸೆಟ್ ತಿರುಗಿಸಿ ಆ ಅಕ್ಷರದ ಮೇಲೆ ಬೆರಳಾಡಿಸುತ್ತಾ ಬಹಳ ಹೊತ್ತು ಕೂತ. ಆಮೇಲೆ "ಒಳ್ಳೇದಾಯ್ತು ಮಾರಾಯ ನೀನು ಕದ್ದಿದ್ದು. ನಮ್ಮನೇಲೇ ಇದ್ದಿದ್ರೆ ಇದೂ ಹೋಗ್ತಿತ್ತು," ಅಂದ. ನಮ್ಮ ಬೀರುವಿನಲ್ಲಿ ಆ ಜಾಗ ಈಗಲೂ ಖಾಲಿ ಇದೆ. ಬೇರೆ ಕಾಂಟ್ರಾ ತಂದು ತುಂಬಿಸಿಲ್ಲ.

ಆವತ್ತಿನಿಂದ ನನ್ನ ತಲೆಯಲ್ಲಿ ಕೆಲವು ಆಟಗಳು ಓಡ್ತಿವೆ. ಪ್ರೋಗ್ರಾಮಿಂಗ್ ನನಗೆ ಬರಲ್ಲ, ಐಡಿಯಾ ಮಾತ್ರ ಪುಕ್ಕಟೆ. ಒಂದು, ಕೈಲ್ ಪೊಳ್ದ್ ಆಟ: ಗಾಳಿಗೆ ತೂಗುವ ಮರ, ತುದಿಯಲ್ಲಿ ತೆಂಗಿನಕಾಯಿ, ಕಣ್ಣಿಗೆ ಹೊಡೆಯುವ ಮಳೆ, ಮೂರೇ ಗುಂಡು. ಎರಡು, ಕಾಫಿ ಆಟ: ಹೂ ಮಳೆ ಸರಿಯಾದ ಹೊತ್ತಿಗೆ ಬರಬೇಕು, ಕಾಂಡಕೊರಕ ಹುಳು ತಡೀಬೇಕು, ರಾತ್ರಿ ಆನೆ ಬಂದರೆ ಏನು ಮಾಡ್ತೀರಿ ನೋಡಬೇಕು. ಎಲ್ಲ ಗೆದ್ದು ಮುಗಿಸಿದ ಮೇಲೆ ಬ್ರೆಜಿಲ್‌ನಲ್ಲಿ ಒಳ್ಳೆ ಬೆಳೆ ಬಂದು ರೇಟು ಬೀಳಬೇಕು! ಆಡಿದವನಿಗೆ ಬೆಳೆಗಾರನ ಕಷ್ಟ ಒಂದೇ ಸಂಜೆಯಲ್ಲಿ ಗೊತ್ತಾಗುತ್ತೆ. ಮೂರು, ಚಿಕ್ಕವೀರರಾಜೇಂದ್ರನ ಆಟ: 1834ರಲ್ಲಿ ರಾಜ್ಯ ಕಳಕೊಂಡು, ಕಾಶಿ ದಾಟಿ, 1852ರಲ್ಲಿ ಮಗಳು ಗೌರಮ್ಮನ ಜೊತೆ ಲಂಡನ್ನಿಗೆ ಹೋಗಿ, ತನ್ನ ಹಣಕ್ಕಾಗಿ ಈಸ್ಟ್ ಇಂಡಿಯಾ ಕಂಪನಿಯ ಮೇಲೇ ಕೇಸು ಹಾಕಿದ ರಾಜ. ಈ ಆಟದಲ್ಲಿ ಆಯುಧ ಕತ್ತಿಯಲ್ಲ, ಅಫಿಡವಿಟ್. ನಾಲ್ಕನೇದು 2018ರ ರಾತ್ರಿ. ಅದರಲ್ಲಿ ಯಾರನ್ನೂ ಹೊಡೆಯೋ ಹಾಗಿಲ್ಲ. ಬೆಟ್ಟ ಜಾರೋ ಮೊದಲು ಊರವರನ್ನು ಹೊರಗೆ ಕರಕೊಂಡು ಬರಬೇಕು. ಜೀವ ಒಂದೇ. ಗುಟ್ಟಿನ ಕೋಡ್ ಇಲ್ಲ.

2025ರ ಆಗಸ್ಟ್‌ನಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನಿಗೆ ಸಂಸತ್ತು ಒಪ್ಪಿಗೆ ಕೊಟ್ಟಿತು. ಆಟದ ಹೆಸರಲ್ಲಿ ಮನೆ ಮಾರಿಕೊಂಡವರ ಸುದ್ದಿ ಓದಿ ಓದಿ ಸಾಕಾಗಿತ್ತು, ನಾನು ಸ್ವಾಗತಿಸಿದೆ. ಆದರೆ ನಿಷೇಧ ಮಾಡಿದರೆ ಅರ್ಧ ಕೆಲಸ ಮುಗೀತು ಅಷ್ಟೇ. ಮಗು ಏನು ಆಡಬಾರದು ಅಂತ ಹೇಳಿದ ಮೇಲೆ, ಏನು ಆಡಬಹುದು ಅಂತಲೂ ತೋರಿಸಬೇಕಲ್ವಾ? ನಮ್ಮ ಊರಿನ, ನಮ್ಮ ಭಾಷೆಯ ಆಟ ಎಲ್ಲಿದೆ? ಅಜ್ಜನ ಹಕ್ಕಿ ಒಂದು ಸಲ ಕೊಟ್ಟ ದುಡ್ಡಿಗೆ ಜೀವನಪೂರ್ತಿ ಹಾರಿತು. ಮತ್ತೆ ಮತ್ತೆ ಜೇಬಿಗೆ ಕೈ ಹಾಕಲಿಲ್ಲ.

ಕೊನೆಗೊಂದು ಕೋರಿಕೆ. ಈ ಸಲ ದಸರಾಕ್ಕೋ ಹುತ್ತರಿಗೋ ಮನೆ ಗುಡಿಸುವಾಗ ಅಟ್ಟದ ಮೇಲೆ ಅಂಥದ್ದೊಂದು ಡಬ್ಬ ಸಿಕ್ಕರೆ, ಗುಜರಿಯವನ ತಕ್ಕಡಿಗೆ ಹಾಕೋ ಮೊದಲು ಕ್ಯಾಸೆಟ್‌ನ ಹಿಂಬದಿ ತಿರುಗಿಸಿ ನೋಡಿ. ಯಾರದಾದರೂ ಕೈಬರಹ ಇರಬಹುದು. ಅದರ ಒಂದು ಫೋಟೋ ತೆಗೆದಿಡಿ. ಮತ್ತೆ, ನನ್ನ ಹಾಗೆ ಯಾರದ್ದಾದರೂ ಇಸ್ಕೊಂಡು ಇಟ್ಕೊಂಡಿದ್ದರೆ, ದಯವಿಟ್ಟು ಫೋನ್ ಮಾಡಿ ವಾಪಸ್ ಕೊಡಿ.