ಪದ ಪರಿಚಯ: ಹ್ತೆತಿ

ಸರ್ಬಿಯಾದಲ್ಲಿ ‘ಹ್ತೆತಿ’, ಕ್ರೊಯೇಷಿಯಾ, ಬೋಸ್ನಿಯಾಗಳಲ್ಲಿ ‘ಹ್ತ್ಯೆತಿ’. ಅರ್ಥ: ಬಯಸು, ಬೇಕೆನ್ನು. ಮೂಲ ಸ್ಲಾವಿಕ್ ಭಾಷೆಯಿಂದ ಬಂದ ಕ್ರಿಯಾಪದವಿದು. ರಷ್ಯನ್ನಿನ ‘ಖತೇತ್’ ಇದರ ದಾಯಾದಿ.

ವರ್ತಮಾನದ ರೂಪಗಳು: ಹೊಚು (ನಾನು), ಹೊಚೆಶ್ (ನೀನು), ಹೊಚೆ (ಅವನು, ಅವಳು), ಹೊಚೆಮೊ (ನಾವು), ಹೊಚೆತೆ (ನೀವು). ಬಹುವಚನದ ‘ಅವರು’ ಬಂದರೂ ಮತ್ತೆ ಹೊಚೆಯೇ! ಈ ಮೂರು ನಾಡುಗಳ ಭಾಷೆಯಲ್ಲಿ ‘ನಾನು’ ರೂಪ ಸಾಮಾನ್ಯವಾಗಿ ‘ಮ್’ನಿಂದ ಮುಗಿಯುತ್ತದೆ. ಹಳೆಯ ‘ಉ’ಕಾರ ಬಿಡದೆ ಉಳಿಸಿಕೊಂಡ ದಿನಬಳಕೆಯ ಕ್ರಿಯಾಪದಗಳು ಎರಡೇ: ಹೊಚು, ಮೊಗು (ನನಗಾಗುತ್ತದೆ).

ಸ್ವಾರಸ್ಯವಿರುವುದು ಇದರ ಎರಡನೇ ಕೆಲಸದಲ್ಲಿ. ಹೊಚು ಸವೆದು ಬರೀ ‘ಚು’ ಆಗಿ ಭವಿಷ್ಯತ್ಕಾಲ ಕಟ್ಟುತ್ತದೆ. ‘ರಾದಿತಿ’ ಎಂದರೆ ಕೆಲಸ ಮಾಡು. ‘ಮಾಡುವೆ’ ಎನ್ನಲು ಸರ್ಬಿಯಾದವರು ‘ರಾದಿಚು’ ಎಂದು ಕೂಡಿಸಿ ಬರೆಯುತ್ತಾರೆ, ಕ್ರೊಯೇಷಿಯಾದವರು ‘ರಾದಿತ್ ಚು’ ಎಂದು ಬಿಡಿಸಿ. ಉಚ್ಚಾರ ಮಾತ್ರ ಒಂದೇ; ಜಗಳವೆಲ್ಲ ಕಾಗದದ ಮೇಲೆ. ಬಯಕೆಯ ಪದದಿಂದಲೇ ನಾಳೆಯನ್ನು ಹೇಳುವ ಈ ರೂಢಿ ನೆರೆಯ ಗ್ರೀಕ್, ಬಲ್ಗೇರಿಯನ್ ಭಾಷೆಗಳಲ್ಲೂ ಇದೆ.

ನಿಷೇಧಕ್ಕೆ ‘ನೆಚು’. ‘ಒಲ್ಲೆ’ ಎಂದರೂ ಅದೇ, ‘ಮಾಡುವುದಿಲ್ಲ’ ಎನ್ನುವಾಗಿನ ‘ಇಲ್ಲ’ವೂ ಅದೇ.