ಡಬ್ಬಿಯೊಳಗೆ ಸೊರಗಿದ ಸಸಿಗಳು: ಸಿಂಕೋನಾ ಊಟಿಗೆ ಬಂದ ಕಥೆ

ಇವತ್ತಿನ ಎಪಿಸೋಡ್ ಗಿಡಗಳ ಬಗ್ಗೆ. ಆದ್ರೆ ಗಾರ್ಡನಿಂಗ್ ಟಿಪ್ಸ್ ಅಲ್ಲ, ಹಿಸ್ಟರಿ.

ಮನೆಯೊಳಗೆ ಕಡ್ಡಿ ನೆಟ್ಟು ಗಿಡ ಮಾಡೋಕೆ ಹೋದವರಿಗೆ ಇದು ಗೊತ್ತಿರುತ್ತೆ. ಮೊದಲ ನಾಲ್ಕು ದಿನ ಹಸಿರಾಗಿ ನಗ್ತಾ ಇರುತ್ತೆ. ಆಮೇಲೆ ಎಲೆ ಜೋತು ಬೀಳುತ್ತೆ, ಹಳದಿ ಆಗುತ್ತೆ. ನೀರು ಸಾಲ್ತಿಲ್ಲ ಅಂದ್ಕೊಂಡು ಇನ್ನೊಂದು ಲೋಟ ಸುರೀತೀವಿ. ಅಲ್ಲಿಗೆ ಮುಗೀತು. ಯಾಕಂದ್ರೆ ಕಡ್ಡಿಗೆ ಬೇರೇ ಬಂದಿಲ್ಲದಿದ್ದರೂ ಎಲೆ ಬಾಡುತ್ತೆ, ನೀರು ಜಾಸ್ತಿಯಾಗಿ ಬೇರು ಕೊಳೆತರೂ ಎಲೆ ಬಾಡುತ್ತೆ. ಲಕ್ಷಣ ಒಂದೇ, ಕಾಯಿಲೆ ಎರಡು. 1860ರಲ್ಲಿ ಬ್ರಿಟಿಷ್ ಸರ್ಕಾರ ಇದೇ ಸಮಸ್ಯೆಯ ಮುಂದೆ ನಿಂತಿತ್ತು. ಅವರ ಸಸಿಗಳ ಮೇಲೆ ಲಕ್ಷಾಂತರ ಜನರ ಜೀವ ನಿಂತಿತ್ತು.

ಆ ಗಿಡ ಸಿಂಕೋನಾ. ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳ ಮರ. ಅದರ ತೊಗಟೆಯಲ್ಲಿ ಮಲೇರಿಯಾಗೆ ಮದ್ದಿದೆ. 1820ರಲ್ಲಿ ಪ್ಯಾರಿಸ್‌ನ ಪೆಲ್ಟಿಯೆ ಮತ್ತು ಕವಾಂತು ಆ ತೊಗಟೆಯಿಂದ ಕ್ವಿನೈನ್ ಬೇರ್ಪಡಿಸಿದರು. ಅಲ್ಲಿಂದ ತೊಗಟೆಗೆ ಡಿಮ್ಯಾಂಡ್ ಏರಿತು, ಕಾಡಿನಲ್ಲಿ ಮರಗಳನ್ನು ಉರುಳಿಸಿ ತೊಗಟೆ ಸುಲಿಯೋದೂ ಜೋರಾಯ್ತು. ನಮ್ಮ ಮಲೆನಾಡಿನಂಥ ಕಡೆ ಚಳಿಜ್ವರ ಊರಿಗೆ ಊರನ್ನೇ ಮಲಗಿಸ್ತಿದ್ದ ಕಾಲ ಅದು. ಭಾರತದಲ್ಲಿದ್ದ ಬ್ರಿಟಿಷರಿಗೆ ತಮ್ಮ ಸೈನಿಕರ ಚಿಂತೆ. ಹಾಗಾಗಿ ಲೆಕ್ಕ ಸರಳವಾಗಿತ್ತು: ತೊಗಟೆ ಕೊಳ್ಳೋ ಬದಲು ಗಿಡವನ್ನೇ ತಂದುಬಿಡೋಣ.

ಸಮುದ್ರ ದಾಟಿಸೋದು ಹೇಗೆ? ಅದಕ್ಕೊಂದು ಡಬ್ಬಿ ಆಗಲೇ ಇತ್ತು. ಲಂಡನ್ನಿನ ಡಾಕ್ಟರ್ ನಥಾನಿಯಲ್ ವಾರ್ಡ್, 1829ರ ಸುಮಾರಿಗೆ, ಮುಚ್ಚಿದ ಬಾಟಲಿಯೊಳಗೆ ಜರೀಗಿಡ ತಾನಾಗೇ ಬೆಳೆದಿದ್ದನ್ನು ನೋಡಿದ್ದ. ಗಾಜು ಮುಚ್ಚಿದ ಪೆಟ್ಟಿಗೆಯಲ್ಲಿ ಮಣ್ಣಿನ ತೇವ ಆವಿಯಾಗುತ್ತೆ, ಗಾಜಿಗೆ ಹನಿಯಾಗಿ ಅಂಟುತ್ತೆ, ಮತ್ತೆ ಮಣ್ಣಿಗೇ ಇಳಿಯುತ್ತೆ. ಉಪ್ಪುಗಾಳಿ ಒಳಗೆ ಬರಲ್ಲ, ದಿನಾ ನೀರು ಹಾಕೋದೂ ಬೇಡ. ಇದೇ ವಾರ್ಡಿಯನ್ ಕೇಸ್. ಒಂದು ರೀತಿಯಲ್ಲಿ ಇವತ್ತಿನ ಇಂಡೋರ್ ಗಾರ್ಡನ್‌ನ ಅಜ್ಜ.

ಕ್ಲೆಮೆಂಟ್ಸ್ ಮಾರ್ಕಮ್ ಅನ್ನೋ ಅಧಿಕಾರಿ 1860ರಲ್ಲಿ ಪೆರುವಿನ ಕಾಡಿಗೆ ಹೋದ. ಕ್ಯಾಲಿಸಾಯಾ ಎಂಬ ಒಳ್ಳೇ ತಳಿಯ ನೂರಾರು ಸಸಿ ಸಂಗ್ರಹಿಸಿದ. ಅಲ್ಲಿನವರಿಂದ ವಿರೋಧ ಬಂದರೂ ಹೇಗೋ ಬಂದರಿಗೆ ತಲುಪಿಸಿದ. ಪೆಸಿಫಿಕ್ ದಾಟಿ ನೇರವಾಗಿ ಭಾರತಕ್ಕೆ ಹೋಗೋ ಹಡಗು ಕೊಡಿ ಅಂತ ಕೇಳಿದ, ಸಿಗಲಿಲ್ಲ. ಸಸಿಗಳು ಪನಾಮಾ, ಇಂಗ್ಲೆಂಡ್, ಈಜಿಪ್ಟ್, ಕೆಂಪು ಸಮುದ್ರ, ಬೊಂಬಾಯಿ ಅಂತ ಅರ್ಧ ಭೂಮಿ ಸುತ್ತಿ, ಆ ವರ್ಷದ ಅಕ್ಟೋಬರ್‌ನಲ್ಲಿ ಊಟಿ ಸೇರಿದವು. ಕೆಂಪು ಸಮುದ್ರದ ಸೆಕೆಯಲ್ಲಿ ಬೆಂದುಹೋಗಿದ್ದವು. ಊಟಿಯ ಸರ್ಕಾರಿ ತೋಟದ ಸೂಪರಿಂಟೆಂಡೆಂಟ್ ವಿಲಿಯಂ ಮ್ಯಾಕೈವರ್ ಕೈಗೆ ಅವು ಬಂದಾಗ ಕೇಸ್ ಕೈ ಮೀರಿತ್ತು. ಒಂದೂ ಉಳಿಯಲಿಲ್ಲ.

ಕಾರಣ ಏನು ಅಂದ್ರೆ, ತಂಪು ಬೆಟ್ಟದ ಗಿಡಕ್ಕೆ ತೇವ ತುಂಬಿದ ಮುಚ್ಚಿದ ಡಬ್ಬಿ ತಂಪು ಹವೆಯಲ್ಲಿ ರಕ್ಷಣೆ. ಅದೇ ಡಬ್ಬಿ ಬಿಸಿಲಲ್ಲಿ ಇಡ್ಲಿ ಪಾತ್ರೆ.

ಅದೇ ಹೊತ್ತಿಗೆ ಈಕ್ವೆಡಾರ್‌ನಲ್ಲಿ ರಿಚರ್ಡ್ ಸ್ಪ್ರೂಸ್ ಇದ್ದ. ಕಾಯಿಲೆಯಿಂದ ನಡೆಯೋಕೂ ಕಷ್ಟಪಡ್ತಿದ್ದ ಸಸ್ಯವಿಜ್ಞಾನಿ. ಜೊತೆಗೆ ರಾಬರ್ಟ್ ಕ್ರಾಸ್ ಎಂಬ ತೋಟಗಾರ. ಇವರು ಆರಿಸಿದ್ದು ಸಕ್ಸಿರೂಬ್ರಾ, ಅಂದ್ರೆ ಕೆಂಪು ತೊಗಟೆಯ ತಳಿ. ಕ್ರಾಸ್ ಅವಸರ ಮಾಡಲಿಲ್ಲ. ಕಾಡಿನಲ್ಲೇ ಪಾತಿ ಮಾಡಿ ಕಡ್ಡಿ ನೆಟ್ಟ. ತಿಂಗಳುಗಟ್ಟಲೆ ನೀರು ಹೊತ್ತು, ಕಂಬಳಿಹುಳು ಆರಿಸಿ, ಬೇರು ಬಂದ ಮೇಲೇ ಪೆಟ್ಟಿಗೆಗೆ ಹಾಕಿದ. ನದಿಯಲ್ಲಿ ತೆಪ್ಪ ಮರಗಳಿಗೆ ಗುದ್ದಿ ಪೆಟ್ಟಿಗೆಗಳಿಗೆ ಪೆಟ್ಟು ಬಿತ್ತು, ಸಸಿ ಉಳಿದವು. 1861ರ ಜನವರಿಯಲ್ಲಿ ಹೊರಟು ಏಪ್ರಿಲ್‌ಗೆ ಊಟಿ. ಕೆಂಪು ಸಮುದ್ರ ದಾಟಿದ್ದು ಬೇಸಿಗೆಯ ಸುಡುಬಿಸಿ ಬರೋ ಮುಂಚೆ. 400ಕ್ಕೂ ಹೆಚ್ಚು ಸಸಿ ಜೀವಂತವಾಗಿ ಬಂದವು. ಡಬ್ಬಿ ಅದೇ, ದಾರಿ ಹೆಚ್ಚುಕಮ್ಮಿ ಅದೇ. ಬೇರು ಬೇರೆ, ಋತು ಬೇರೆ, ತಳಿ ಬೇರೆ.

ಆಮೇಲೆ ಮ್ಯಾಕೈವರ್ ಕೈಚಳಕ. ಕೊಂಬೆ ಬಗ್ಗಿಸಿ ಮಣ್ಣಿಗೆ ಹೂತ, ಕಡ್ಡಿ ನೆಟ್ಟ, ಕೊನೆಗೆ ಒಂದೇ ಒಂದು ಕಣ್ಣಿರೋ ತುಂಡಿನಿಂದಲೂ ಗಿಡ ಎಬ್ಬಿಸಿದ. ಬಿಕಾಂ ಭಾಷೆಯಲ್ಲಿ ಹೇಳೋದಾದ್ರೆ ಚಕ್ರಬಡ್ಡಿ: ಗಿಡದಿಂದ ಗಿಡ, ಅದರಿಂದ ಮತ್ತೆ ಗಿಡ. ಕೆಲವೇ ವರ್ಷದಲ್ಲಿ ನೀಲಗಿರಿಯಲ್ಲಿ ಲಕ್ಷಗಟ್ಟಲೆ ಗಿಡಗಳಾದವು. ಮರ ಕಡಿಯದೆ ಪಟ್ಟಿ ಪಟ್ಟಿಯಾಗಿ ತೊಗಟೆ ತೆಗೆದು, ಗಾಯಕ್ಕೆ ಪಾಚಿ ಸುತ್ತಿದರೆ ಹೊಸ ತೊಗಟೆ ಬರುತ್ತೆ ಅಂತಲೂ ತೋರಿಸಿಕೊಟ್ಟ.

ಆದ್ರೆ ಬದುಕಿದ ತಳಿಗೆ ಒಂದು ಕೊರತೆ ಇತ್ತು. ಸಕ್ಸಿರೂಬ್ರಾದಲ್ಲಿ ಕ್ವಿನೈನ್ ಕಡಿಮೆ, ಬೇರೆ ಆಲ್ಕಲಾಯ್ಡ್‌ಗಳು ಜಾಸ್ತಿ. ಅವೂ ಜ್ವರಕ್ಕೆ ಕೆಲಸ ಮಾಡ್ತವೆ ಅಂತ 1860ರ ದಶಕದಲ್ಲೇ ಮದ್ರಾಸ್‌ನ ಪರೀಕ್ಷೆಗಳು ತೋರಿಸಿದವು. ಎಲ್ಲವನ್ನೂ ಬೆರೆಸಿದ ಅಗ್ಗದ ಔಷಧಿ ತಯಾರಾಯ್ತು. ಕ್ವಿನೈನ್ ಹೇರಳವಾಗಿದ್ದ ತಳಿಯ ಬೀಜವನ್ನು ಬೊಲಿವಿಯಾದ ಮ್ಯಾನುಯೆಲ್ ಇಂಕ್ರಾ ಮಮಾನಿ ಹುಡುಕಿ, ಚಾರ್ಲ್ಸ್ ಲೆಡ್ಜರ್ ಎಂಬ ವ್ಯಾಪಾರಿಗೆ ಕೊಟ್ಟ. 1865ರಲ್ಲಿ ಬ್ರಿಟಿಷರು ಬೇಡ ಅಂದರು, ಡಚ್ಚರು ಕೊಂಡರು. ಆ ತಳಿಯ ಬೇರು ದುರ್ಬಲ. ಹಾಗಾಗಿ ಜಾವಾದಲ್ಲಿ ಅದನ್ನು ಸಕ್ಸಿರೂಬ್ರಾದ ಗಟ್ಟಿ ಬೇರಿಗೆ ಕಸಿ ಕಟ್ಟಿದರು. ಮುಂದೆ ಪ್ರಪಂಚದ ಕ್ವಿನೈನ್‌ನ ಬಹುಪಾಲು ಜಾವಾದಿಂದಲೇ ಬಂತು.

ಮಮಾನಿಗೆ ಏನು ಸಿಕ್ಕಿತು? ಬೀಜ ಹೊರಗೆ ಕೊಟ್ಟಿದ್ದಕ್ಕೆ ಅವನನ್ನು ಹಿಡಿದು ಹೊಡೆದರು, ಆ ಏಟಿಗೇ ಸತ್ತ ಅಂತ ಲೆಡ್ಜರ್ ಬರೆದಿದ್ದಾನೆ. ಸ್ಪ್ರೂಸ್ ಆರೋಗ್ಯ ಕಳಕೊಂಡು ಸಣ್ಣ ಪಿಂಚಣಿಯಲ್ಲಿ ದಿನ ದೂಡಿದ. ನೀಲಗಿರಿಯ ತೋಟಗಳಲ್ಲಿ ಚೀನೀ ಕೈದಿಗಳನ್ನೂ ದುಡಿಸಿದರು. ಆಂಡಿಸ್‌ನ ಜನ ತೋರಿಸಿಕೊಟ್ಟ ಮರದಿಂದ ಅವರಿಗೆ ಪಾಲು ಬರಲಿಲ್ಲ. ಇನ್ನೊಂದು ಕಡೆ, ಅದೇ ತೊಗಟೆಯಿಂದ ನಮ್ಮ ಅಜ್ಜ ಅಜ್ಜಿಯರ ಕಾಲದ ಎಷ್ಟೋ ಜನ ಜ್ವರದಿಂದ ಎದ್ದು ಕೂತರು. ಎರಡೂ ನಿಜ. ಒಂದನ್ನ ಹೇಳಿ ಇನ್ನೊಂದನ್ನ ಬಿಟ್ಟರೆ ಕಥೆ ಅರ್ಧ ಆಗುತ್ತೆ.

ಮೈಸೂರಿಂದ ಗುಂಡ್ಲುಪೇಟೆ, ಗೂಡಲೂರು ದಾರಿಯಲ್ಲಿ ಊಟಿಗೆ ಹೋದರೆ ನಡುವಟ್ಟಂ ಸಿಗುತ್ತೆ. ಟೀ ತೋಟ ನೋಡ್ತಾ ದಾಟಿಬಿಡ್ತೀವಿ. ಆ ಇಳಿಜಾರುಗಳಲ್ಲಿ ಒಂದು ಕಾಲಕ್ಕೆ ಸರ್ಕಾರದ ಸಿಂಕೋನಾ ತೋಟ ಇತ್ತು, ಕ್ವಿನೈನ್ ಕಾರ್ಖಾನೆಯೂ ಇತ್ತು. ಮುಂದಿನ ಸಲ ಹೋದಾಗ ಅಲ್ಲಿ ಐದು ನಿಮಿಷ ಗಾಡಿ ನಿಲ್ಲಿಸಿ.

ಮತ್ತೆ ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.